ಭಾನುವಾರ ದೀಪ ಹಚ್ಚುವ ಹೊತ್ತಿಗೆ

ಆ ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಪಟ್ಟಣ ನೋಡಿ ಬರೋಣ ಎಂದು ನಾನು ನನ್ನ ಗಂಡನಿಗೆ ಹೇಳಿದ್ದು ಕೆರೆ ಏರಿಯ ಮೇಲೆ, ಹೊಂಗೆಮರದ ಕೆಳಗೆ, ಸುತ್ತ ನಾಲ್ಕೂ ಕಡೆ ಕಣ್ಣಾಡಿಸಿದ ಮೇಲೆ. ಮನೆಯೊಳಗೆ ಹೇಳುವ ಹಾಗಿರಲಿಲ್ಲ. ನಮ್ಮೂರಲ್ಲಿ ಯಾರೂ ಹೇಳುವುದಿಲ್ಲ. ಗೋಡೆಗೂ ಕಿವಿಯಿದೆ ಎನ್ನುವುದು ಬೇರೆ ಊರಿನವರಿಗೆ ಗಾದೆ, ನಮಗೆ ದಿನದ ಬಾಳುವೆ. ಮನೆಮಂದಿಯೆಲ್ಲ ಒಟ್ಟಿಗೆ ಊರು ಬಿಟ್ಟು ಹೊರಟಿದ್ದಾರೆ ಎಂದು ಮನೆಗೆ ಗೊತ್ತಾದರೆ ಅದೂ ಹೊರಟುಬಿಡುತ್ತದೆ. ಹಿಂದಿರುಗಿ ಬಂದು ನೋಡಿದರೆ ತುಳಸಿಕಟ್ಟೆ ಇರುತ್ತದೆ, ಬಾವಿ ಇರುತ್ತದೆ, ನಡುವೆ ಮಟ್ಟಸವಾದ ಮಣ್ಣು ಇರುತ್ತದೆ. ಕೆಲವು ಮನೆಗಳು ನಾಲ್ಕು ದಿನ ಅಲೆದು ಬಂದಿವೆ. ಟೈಲರ್ ಗುರುಶಾಂತಪ್ಪನ ಮನೆ ಹೋಗಿ ಹನ್ನೊಂದು ವರ್ಷವಾಯಿತು. ಅದು ನಿಂತಿದ್ದ ಜಾಗದಲ್ಲಿ ಈಗ ನುಗ್ಗೆಮರ ಬೆಳೆದು ಕಾಯಿ ಬಿಡುತ್ತಿದೆ. ಅವನು ಭಾವಮೈದುನನ ಹಿತ್ತಲ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು, ಯಾರಾದರೂ ಮನೆಯ ಮಾತೆತ್ತಿದರೆ ಸೂಜಿಗೆ ದಾರ ಪೋಣಿಸಲು ತೊಡಗುತ್ತಾನೆ.

"ಎಲ್ಲರೂನಾ?" ಎಂದರು ಮಹಾಬಲ. ನನ್ನ ಗಂಡನ ಹೆಸರಿನಲ್ಲಿ ಎಷ್ಟು ಬಲವಿದೆಯೋ ಅಷ್ಟೇ ಪುಕ್ಕಲುತನ ಅವರ ಹೊಟ್ಟೆಯಲ್ಲಿದೆ.

"ಎಲ್ಲರೂ. ನಾಲ್ಕೂ ಜನ."

"ನಾನು ಇದ್ಕೊಳ್ತೀನಿ ಬಿಡು. ನೀನು ಮಕ್ಕಳನ್ನ ಕರ್ಕೊಂಡು ಹೋಗ್ಬಿಟ್ಟು ಬಾ. ಯಾರಾದ್ರೂ ಒಬ್ರು ಇರ್ಬೇಕಲ್ಲ."

ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದು ನನ್ನ ಅಮ್ಮನ ಮಾತು. ನಾನು ಚಿಕ್ಕವಳಿದ್ದಾಗ ಮನೆಗೆ ಒಬ್ಬರನ್ನು ಬಿಟ್ಟು ಉಳಿದವರು ಹೋಗುವುದೇ ಪದ್ಧತಿ. ಒಬ್ಬರು ಉಳಿದರೆ ಮನೆ ಕದಲುವುದಿಲ್ಲ. ನಮ್ಮ ಮನೆಯಲ್ಲಿ ಆ ಒಬ್ಬರು ಎಂದೂ ಬದಲಾಗಲಿಲ್ಲ. ಅಪ್ಪ, ಅಣ್ಣ, ನಾನು ಪ್ರತಿ ಬೇಸಿಗೆಯಲ್ಲೂ ಪಟ್ಟಣಕ್ಕೆ ಹೋಗಿ ಬರುತ್ತಿದ್ದೆವು. ಅಮ್ಮ ಬಾಗಿಲಲ್ಲಿ ನಿಂತು "ಹೋಗ್ಬನ್ನಿ, ಯಾರಾದ್ರೂ ಒಬ್ರು ಇರ್ಬೇಕಲ್ಲ" ಎನ್ನುತ್ತಿದ್ದಳು. ತಿರುಗಿ ಬಂದ ದಿನ ನನ್ನನ್ನು ಒರಳುಕಲ್ಲಿನ ಮೇಲೆ ಕೂರಿಸಿ ತಲೆಗೆ ಎಣ್ಣೆ ತಿಕ್ಕುತ್ತ ಒಂದೊಂದನ್ನೇ ಕೇಳುವಳು. ಡಬಲ್ ಡೆಕ್ಕರ್ ಬಸ್ ಹತ್ತಿದ್ರಾ? ಮೇಲ್ಗಡೆ ಮುಂದಿನ ಸೀಟು ಸಿಕ್ತಾ? ಅಲ್ಲಿಂದ ಪಟ್ಟಣದ ಕೆರೆ ಹೇಗೆ ಕಾಣುತ್ತೆ? ನಾನು ಹೇಳಿದ್ದನ್ನೇ ಹೇಳುತ್ತಿದ್ದೆ, ಅವಳು ಕೇಳಿದ್ದನ್ನೇ ಕೇಳುತ್ತಿದ್ದಳು. ಮೂವತ್ತೆಂಟು ಬೇಸಿಗೆ ಹೀಗೆ ಕಳೆದು, ನನ್ನ ಮಗಳು ಚಾರು ಹುಟ್ಟಿದ ವರ್ಷ ಅಮ್ಮ ತೀರಿಕೊಂಡಳು. ಅಪ್ಪ ಹೊಸ್ತಿಲ ಮೇಲೆ ನಿಲ್ಲಿಸಿ ತೆಗೆದ ಅವಳ ಫೋಟೋ ನಡುಮನೆಯಲ್ಲಿ, ಬೀದಿ ಕಿಟಕಿಗೆ ಎದುರಾಗಿ ಇದೆ. ಬೀದಿಯಾದರೂ ಕಾಣಲಿ ಎಂದು ನಾನೇ ಅಲ್ಲಿ ಮೊಳೆ ಹೊಡೆದೆ.

ಈಗಿನವರು ಯಾರನ್ನೂ ಬಿಟ್ಟು ಹೋಗುವುದಿಲ್ಲ, ಹೇಳದೆ ಹೋಗುತ್ತಾರೆ. ಹೇಳದಿದ್ದರೆ ಮನೆಗೆ ಎರಡು ರಾತ್ರಿಯ ತನಕ ಅನುಮಾನ ಬರುವುದಿಲ್ಲ. ಮೂರನೆಯ ರಾತ್ರಿಯೂ ದೀಪ ಹತ್ತದಿದ್ದರೆ ಅದಕ್ಕೆ ತಿಳಿದುಹೋಗುತ್ತದೆ. ಹೀಗಾಗಿ ನಮ್ಮೂರಿನ ಎಲ್ಲ ಪ್ರವಾಸಗಳೂ ಎರಡು ರಾತ್ರಿಯವು. ಹೊಸದಾಗಿ ಮದುವೆಯಾದವರು ಹೋದರೂ ಎರಡು ರಾತ್ರಿ, ಕಾಶಿಗೆ ಹೋಗಬೇಕೆಂದವರು ಅರ್ಧ ದಾರಿಯಲ್ಲಿ ಕೈ ಮುಗಿದು ವಾಪಸ್ಸು. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದವರು ನಮ್ಮೂರಿನಲ್ಲಿ ಮನೆ ಬಿಟ್ಟು ನೋಡಲಿಲ್ಲ.

"ಚಾರುಗೆ ಏಳು ನಡೀತಿದೆ," ಎಂದೆ ಮಹಾಬಲರಿಗೆ. "ಅಪ್ಪ ಇಲ್ದೆ ಅಮ್ಮ, ಅಮ್ಮ ಇಲ್ದೆ ಅಪ್ಪ, ಹಾಗೆ ಊರು ನೋಡೋದನ್ನ ನಾನು ಅವಳಿಗೆ ಕಲಿಸಲ್ಲ ರೀ. ಒಂದು ಸಲ, ಒಂದೇ ಬೆಂಚಿನ ಮೇಲೆ, ನಾಲ್ಕೂ ಜನ ಕೂತು ಐಸ್‌ಕ್ರೀಮ್ ತಿನ್ಬೇಕು. ಅಷ್ಟೇ ನಾನು ಕೇಳೋದು."

ಮನೆ ಅಳಿಯನಾಗಿ ಬಂದವರು ಮನೆಯನ್ನೇ ಕಳೆದರೆ ಜನ ಏನೆಂದಾರು ಎಂಬ ಯೋಚನೆ ಅವರ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ, "ಶುಕ್ರವಾರ ಹೊರಟ್ರೆ ಭಾನುವಾರ ದೀಪ ಹಚ್ಚೋ ಹೊತ್ತಿಗೆ ವಾಪಸ್ ಇರ್ಬೇಕು," ಎಂದರು. ಒಪ್ಪಿದರು ಎಂದರ್ಥ.

ಆಮೇಲಿನ ಮೂರು ವಾರ ನಾನು ಕುಂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಬೇಸಿಗೆಯ ಸಂಜೆ ನಮ್ಮ ಕೆರೆ ಏರಿಯನ್ನು ನೋಡಬೇಕು. ಅರ್ಧ ಊರು ಅಲ್ಲೇ ಇರುತ್ತದೆ. ಗುಂಪು ಗುಂಪಾಗಿ ನಿಂತು ಲಾಡ್ಜು, ಬಸ್ಸಿನ ವೇಳೆ, ಮಕ್ಕಳ ಹಾಲು ಎಂದು ಪಿಸುಗುಟ್ಟುತ್ತಾರೆ. ಮಹಾಬಲರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು, ಪಟ್ಟಣದ ಬೀದಿಗಳ ಹೆಸರು ಬಾಯಿಪಾಠ. ಬಸ್ ನಿಲ್ದಾಣಕ್ಕೆ ಹತ್ತಿರ, ಬಿಸಿನೀರು ಬರುವ, ಮೂರೂವರೆ ವರ್ಷದ ಮಗ ನಂದನ ಮಧ್ಯಾಹ್ನ ಮಲಗುವಾಗ ಹಾರನ್ ಕೇಳಿಸದ ಲಾಡ್ಜು ಬೇಕೆಂದು ನಾನು, ಹಾಗಾದರೆ ಅದು ಬಸ್ ನಿಲ್ದಾಣಕ್ಕೆ ಹತ್ತಿರ ಹೇಗಾಗುತ್ತದೆ ಎಂದು ಅವರು. ಕಡೆಗೆ ಯೋಜನೆ ಹೀಗೆ ನಿಂತಿತು: ಶುಕ್ರವಾರ ಮೃಗಾಲಯ, ಶನಿವಾರ ಮ್ಯೂಸಿಯಂ ಮತ್ತು ಕೆರೆ, ಭಾನುವಾರ ಬೆಳಿಗ್ಗೆ ಡಬಲ್ ಡೆಕ್ಕರ್. ಅದು ಈಗ ಭಾನುವಾರ ಮಾತ್ರ ಓಡುತ್ತದೆ, ಕೆರೆ ಸುತ್ತಿ ಬರುತ್ತದೆ. ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು.

ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವಂತಿಲ್ಲ. ಇಳಿಸಿದ ಸದ್ದಿಗೇ ತೊಲೆ ಕಿವಿ ನಿಮಿರಿಸುತ್ತದೆ. ಎರಡೆರಡೇ ಬಟ್ಟೆಯನ್ನು ಇಸ್ತ್ರಿಗೆಂದು ಒಯ್ದು ಏರಿಯ ಮೇಲಿನ ಚೌಡಪ್ಪನ ತಳ್ಳುಗಾಡಿಯಲ್ಲಿ ಕೂಡಿಡಬೇಕು. ಅವನ ಗಾಡಿಗೆ ಗೋಡೆಯಿಲ್ಲ, ಆದ್ದರಿಂದ ಊರಿನ ಗುಟ್ಟೆಲ್ಲ ಅಲ್ಲೇ ಮಡಿಕೆಯಾಗಿ ಕೂತಿರುತ್ತದೆ.

"ನಾಲ್ಕೂ ಜನರ ಬಟ್ಟೆ ಬಂತಲ್ಲಕ್ಕಾ," ಎಂದ ಚೌಡಪ್ಪ, ನಂದನನ ಚಡ್ಡಿಗೆ ನೀರು ಚಿಮುಕಿಸುತ್ತ. "ನಿಮ್ಮನೇಲಿ ಇದೇ ಮೊದ್ಲು."

"ಸುಮ್ನಿರಪ್ಪ ಚೌಡಪ್ಪ. ನಂಗೇ ಎದೆ ಡವಡವ ಅಂತಿದೆ."

"ನಂಗ್ಯಾವ ಚಿಂತೆ ಇಲ್ಲ ನೋಡಿ. ಇರೋದು ಒಂದು ಗಾಡಿ. ತಳ್ಳಿದ್ರೆ ಹೋಗ್ತದೆ, ಬಿಟ್ರೆ ನಿಲ್ತದೆ."

ಬುತ್ತಿಯೂ ಹಾಗೇ. ಪುಳಿಯೋಗರೆ ಗೊಜ್ಜು ಕುದಿಯುವ ವಾಸನೆ ಬಂತೆಂದರೆ ಎಂಥ ಪೆದ್ದು ಮನೆಗೂ ಪ್ರಯಾಣದ ಸುಳಿವು ಸಿಗುತ್ತದೆ. ಬಸ್ ನಿಲ್ದಾಣದ ಖಾನಾವಳಿಯಲ್ಲೇ ಕಟ್ಟಿಸಿಕೊಳ್ಳುವುದೆಂದು ಗೊತ್ತುಮಾಡಿದೆವು.

ಉಳಿದದ್ದು ಮಕ್ಕಳು. ನಂದನನಿಗೆ ಬಸ್ಸು ಹತ್ತುವ ತನಕ ಏನೂ ಹೇಳುವುದಿಲ್ಲ. ಅವನ ಬಾಯಲ್ಲಿ ನೆಲ್ಲಿಕಾಯಿಯೂ ನಿಲ್ಲುವುದಿಲ್ಲ, ಗುಟ್ಟು ಎಲ್ಲಿ ನಿಂತೀತು? ಚಾರುವನ್ನು ಏರಿಗೆ ಕರೆತಂದು ಎದುರು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಜಿರಾಫೆ, ಐಸ್‌ಕ್ರೀಮು, ಡಬಲ್ ಡೆಕ್ಕರ್. ಮೇಲ್ಗಡೆ, ಮುಂದಿನ ಸೀಟು. ಅವಳ ಕಣ್ಣು ಅರಳಿತು, ಆಮೇಲೆ ಸಣ್ಣಗಾಯಿತು.

"ಮನೆಗೆ ಸುಳ್ಳು ಹೇಳ್ತೀವಾ ಅಮ್ಮ?"

"ಸುಳ್ಳಲ್ಲ ಮರಿ. ಹೇಳದೆ ಇರೋದು."

"ಟಿಫನ್ ಡಬ್ಬಿ ಕಳ್ಕೊಂಡಾಗ ನಾನೂ ಹೇಳದೆ ಇದ್ದೆ. ನೀನು ಅದೂ ಸುಳ್ಳೇ ಅಂದೆ."

ಇಂಥ ಮಕ್ಕಳನ್ನು ಹೆತ್ತಮೇಲೆ ಉತ್ತರವನ್ನೂ ಹೆತ್ತಿರಬೇಕು. "ನೀನು ದೊಡ್ಡವಳಾದ್ಮೇಲೆ ಗೊತ್ತಾಗುತ್ತೆ. ಈಗ ಆಣೆ ಮಾಡು, ಮನೆಯೊಳಗೆ ಯಾರ ಮುಂದೆಯೂ ಬಾಯಿ ಬಿಡಲ್ಲ ಅಂತ," ಎಂದೆ. ಅವಳು ನನ್ನ ಅಂಗೈ ಮೇಲೆ ಕೈಯಿಟ್ಟು, "ಯಾರ ಮುಂದೆಯೂ ಬಿಡಲ್ಲ," ಎಂದಳು. ಮಗಳು ಆಣೆ ಮಾಡಿದಳೆಂದು ನಾನು ನಿರಾಳವಾದೆ.

ಹೊರಡುವ ಹಿಂದಿನ ಸಂಜೆ ಬೀದಿ ಬಾಗಿಲು ಮೂರು ಸಲ ತಾನಾಗಿ ತೆರೆದುಕೊಂಡಿತು. ನಾನು ಹೋಗಿ ಮುಚ್ಚಿದೆ, ಚಿಲಕ ಹಾಕಿದೆ. ಮತ್ತೆ ನೋಡಿದರೆ ತೆರೆದಿದೆ, ಚಾರು ಗೋಡೆಗೆ ಒರಗಿ ನಿಂತು ಬೀದಿ ನೋಡುತ್ತಿದ್ದಾಳೆ. "ಬೇಸಿಗೆ ಅಲ್ವಾ, ಮರ ಬಿರಿಯುತ್ತೆ," ಎಂದರು ಮಹಾಬಲರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರು ತಿರುಗಣಿಗೆ ಕೊಬ್ಬರಿ ಎಣ್ಣೆ ಬಿಟ್ಟರು. ನಾನು ಹೆಸರುಕಾಳು ಆರಿಸತೊಡಗಿದೆ.

ಹೆಸರುಕಾಳು ನಮ್ಮೂರಿನ ರೂಢಿ. ಹೊರಡುವ ಬೆಳಿಗ್ಗೆ ಒಂದು ಬಟ್ಟಲು ಕಾಳನ್ನು ನೆನೆಹಾಕಿ ಒಲೆಯ ಪಕ್ಕ ಇಡಬೇಕು. ಕಾಳು ನೆನೆಸಿಟ್ಟವರು ದೂರ ಹೋಗಲಾರರು, ಸಂಜೆಗೆ ಬಂದು ಸಾರು ಮಾಡುತ್ತಾರೆ ಎಂದು ಮನೆ ನೆಮ್ಮದಿಯಿಂದ ಇರುತ್ತದೆ. ಇದರಿಂದಾಗಿ ಬೇಸಿಗೆಯ ಭಾನುವಾರ ರಾತ್ರಿ ನಮ್ಮ ಬೀದಿಯಲ್ಲಿ ಮೂಸಿದ ಕಡೆಯೆಲ್ಲ ಮೊಳಕೆಕಾಳಿನ ಸಾರು.

ಶುಕ್ರವಾರ ಬೆಳಿಗ್ಗೆ ಖಾಲಿ ಚೀಲ ಹಿಡಿದು, ಹಳೇ ಚಪ್ಪಲಿ ಮೆಟ್ಟಿ, ಸಂತೆಗೆ ಹೊರಟವರ ಹಾಗೆ ಹೊರಟೆವು. "ನಂದನಂಗೆ ಚಪ್ಪಲಿ ತರ್ಬೇಕು, ಬಿಸಿಲು ಏರೋಕೆ ಮುಂಚೆ ಬಂದ್ಬಿಡೋಣ," ಎಂದು ನಾನು ಜಗಲಿಯ ಮೇಲೆ ಗಟ್ಟಿಯಾಗಿ ಹೇಳಿದೆ. ನಾಟಕದಲ್ಲಿ ಮಾತು ಒಪ್ಪಿಸುವ ಹಾಗಿತ್ತು ನನ್ನ ದನಿ. ಚಾರು ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟನ್ನು ಒಮ್ಮೆ ಸವರಿದಳು. ಕಂಡೆ, ಆದರೆ ತಲೆಗೆ ಹಚ್ಚಿಕೊಳ್ಳಲಿಲ್ಲ. ಚೌಡಪ್ಪನ ಗಾಡಿಯಿಂದ ಗಂಟು ಎತ್ತಿಕೊಂಡು ಎಂಟರ ಬಸ್ಸು ಹತ್ತಿದೆವು.

ನಾಲ್ಕು ಗಂಟೆಯ ದಾರಿ. ಪಟ್ಟಣ ಅಲ್ಲೇ ಇತ್ತು, ಜಿರಾಫೆಯೂ ಇತ್ತು. ನಂದನ ಅದನ್ನು ಒಂದು ನಿಮಿಷ ನೋಡಿ, ಪಕ್ಕದಲ್ಲಿ ಸೋರುತ್ತಿದ್ದ ನಲ್ಲಿಯನ್ನು ಅರ್ಧ ಗಂಟೆ ನೋಡಿದ. ಬೆಂಚೂ ಸಿಕ್ಕಿತು. ನಾಲ್ಕೂ ಜನ ಕೂತೆವು, ಐಸ್‌ಕ್ರೀಮ್ ಕೈಗೆ ಬಂತು. ಮೂರು ವಾರ, ಅಲ್ಲ, ಹುಟ್ಟಿದಾಗಿನಿಂದ ನಾನು ಕಾದಿದ್ದ ಗಳಿಗೆ ಅದು. ಆದರೆ ನನ್ನ ತಲೆಯಲ್ಲಿ ಹಿತ್ತಲ ಬಾಗಿಲಿನ ಅಗುಳಿ ಹಾಕಿದೆನೋ ಇಲ್ಲವೋ ಎಂಬುದೊಂದೇ ಸುತ್ತುತ್ತಿತ್ತು. ಐಸ್‌ಕ್ರೀಮ್ ಕರಗಿ ಮೊಣಕೈ ತನಕ ಇಳಿಯಿತು.

"ಕಾಲು ಇಲ್ಲಿ, ತಲೆ ಅಲ್ಲಿ," ಎಂದರು ಮಹಾಬಲರು. "ನನ್ನ ಬಾಯಿ ಮುಚ್ಚಿಸಿ ಕರ್ಕೊಂಡು ಬಂದೋಳು ನೀನು. ಈಗ ನೋಡಿದ್ರೆ ನಾನೇ ಆರಾಮಾಗಿದೀನಿ."

ನಿಜ ಹೇಳಬೇಕೆಂದರೆ ಅವರು ಆರಾಮಾಗಿಯೇ ಇದ್ದರು. ಚಾರುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹುಲಿ ತೋರಿಸಿದರು. ಪುಕ್ಕಲರು ಒಮ್ಮೆ ಧೈರ್ಯ ಮಾಡಿದರೆ ಆಮೇಲೆ ಅದನ್ನು ಮರೆತೇಬಿಡುತ್ತಾರೆ. ನನ್ನಂಥ ಗಟ್ಟಿಗಿತ್ತಿಯರಿಗೆ ಆ ಭಾಗ್ಯವಿಲ್ಲ.

ಲಾಡ್ಜಿನಲ್ಲಿ ನಮಗೆ ಊರಿನ ಅಭ್ಯಾಸ ಬಿಡಲಿಲ್ಲ. ನಾಳೆ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮಾತಾಡಬೇಕಾದಾಗಲೆಲ್ಲ ನಾಲ್ಕೂ ಜನ ಮೆಟ್ಟಿಲಿಳಿದು ಫುಟ್‌ಪಾತಿಗೆ ಬರುತ್ತಿದ್ದೆವು, ಮಾತು ಮುಗಿಸಿ ಮತ್ತೆ ಹತ್ತುತ್ತಿದ್ದೆವು. ಐದನೆಯ ಸಲಕ್ಕೆ ಮ್ಯಾನೇಜರು ಕನ್ನಡಕ ಏರಿಸಿ, "ಏನಮ್ಮಾ, ರೂಮಲ್ಲಿ ಗಾಳಿ ಬರ್ತಿಲ್ವಾ?" ಎಂದು ಕೇಳಿದರು. "ಬರುತ್ತೆ ಸಾರ್, ಗೋಡೆನೂ ಇದೆ," ಎಂದೆ. ಅವರು ಕನ್ನಡಕ ಮತ್ತೆ ಇಳಿಸಿಕೊಂಡರು.

ಶನಿವಾರ ಮ್ಯೂಸಿಯಂ ಮುಗಿಸಿ ಕೆರೆ ದಂಡೆಗೆ ಬಂದೆವು. ಬಲೂನಿನವನು, ಕಬ್ಬಿನ ಹಾಲಿನ ಗಾಡಿ, ದೋಣಿ. ಚಾರು ನೀರಿಗೆ ಕಲ್ಲು ಎಸೆಯುತ್ತಿದ್ದವಳು ಇದ್ದಕ್ಕಿದ್ದಂತೆ, "ಅಮ್ಮ, ಈಗ ನಮ್ಮನೆ ಎಲ್ಲಿರಬಹುದು?" ಎಂದಳು.

"ಎಲ್ಲಿರಬಹುದು ಅಂದ್ರೆ? ಇರೋ ಕಡೆ ಇರುತ್ತೆ. ಯಾಕೆ ಕೇಳ್ತೀಯಾ?"

ಚಾರು ಬಗ್ಗಿ ಇನ್ನೊಂದು ಕಲ್ಲು ಹೆಕ್ಕಿದಳು. ನಂದನ ಕಬ್ಬಿನ ಹಾಲಿನ ಲೋಟದಿಂದ ಮುಖವೆತ್ತಿ, "ಅಕ್ಕ ಗೋಡೆಗೆ ಹೇಳಿದ್ಲು. ದಿನಾ ಹೇಳಿದ್ಲು," ಎಂದ.

ಆಮೇಲೆ ನಾನು ಏನು ಮಾಡಿದೆ ಎನ್ನುವುದನ್ನು ಬರೆಯಲು ನಾಚಿಕೆಯಾಗುತ್ತದೆ. ಅಷ್ಟು ಜನರೆದುರು ಚಾರುವಿನ ತೋಳು ಹಿಡಿದು ಅಲ್ಲಾಡಿಸಿದೆ. "ಆಣೆ ಮಾಡಿದ್ದೆಯಲ್ಲೇ! ಯಾರ ಮುಂದೆಯೂ ಬಾಯಿ ಬಿಡಲ್ಲ ಅಂದಿದ್ದೆಯಲ್ಲ!"

"ಮನೆ ಯಾರೂ ಅಲ್ಲ ಅಮ್ಮ, ಅದು ನಮ್ಮನೆ," ಎಂದು ಅವಳು ಅಳತೊಡಗಿದಳು. "ಆದ್ರೆ ನಾನು ಅದಕ್ಕೆ—"

"ಬಾಯ್ಮುಚ್ಚು!"

ಲಾಡ್ಜಿಗೆ ಓಡಿ ಗಂಟು ಕಟ್ಟಿ ಒಂದೂವರೆಯ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಚಾರು ಎರಡು ಸಲ ನನ್ನ ಸೆರಗು ಎಳೆದು ಏನೋ ಹೇಳಬಂದಳು. ಎರಡು ಸಲವೂ ನಾನು ಅವಳ ಬಾಯಿಗೆ ಕೈ ಅಡ್ಡವಿಟ್ಟೆ. ಬಸ್ಸಿಗೂ ಗೋಡೆಯಿದೆ, ಸೂರಿದೆ, ಯಾವುದು ಯಾವುದಕ್ಕೆ ಸುದ್ದಿ ಮುಟ್ಟಿಸುತ್ತದೋ ಯಾರಿಗೆ ಗೊತ್ತು? ಅವಳು ಡಬಲ್ ಡೆಕ್ಕರ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕಿಟಕಿಗೆ ಹಣೆ ಆನಿಸಿ ಕೂತಳು. ಅದು ನನಗೆ ಅವಳ ಅಳುವಿಗಿಂತ ಹೆಚ್ಚು ಚುಚ್ಚಿತು, ಆದರೂ ನಾನು ಚಾಲಕನ ಬೆನ್ನನ್ನೇ ನೋಡುತ್ತ ಮನಸ್ಸಿನಲ್ಲೇ ಬಸ್ಸು ತಳ್ಳುತ್ತಿದ್ದೆ.

ಸಂಜೆ ಐದೂವರೆಗೆ ನಮ್ಮ ಬೀದಿಯ ತಿರುವಿಗೆ ಬಂದೆವು. ಎದುರುಮನೆಯ ಕೆಂಚಮ್ಮತ್ತೆ ಜಗಲಿಯಿಂದ ಎದ್ದು ನಿಂತಳು. ಅವಳು ಎದ್ದು ನಿಂತ ರೀತಿಯಲ್ಲೇ ನನಗೆ ಎಲ್ಲವೂ ತಿಳಿಯಿತು.

ತುಳಸಿಕಟ್ಟೆ ಇತ್ತು. ಬಾವಿ ಇತ್ತು. ನಡುವೆ ಮಟ್ಟಸವಾದ ಕೆಂಪು ಮಣ್ಣು, ಯಾರೋ ಗುಡಿಸಿ ಹೋದ ಹಾಗೆ.

"ನಿನ್ನೆ ಮಧ್ಯಾಹ್ನ ಇತ್ತು ಕಣೇ," ಎಂದಳು ಕೆಂಚಮ್ಮತ್ತೆ. "ಇವತ್ತು ಬೆಳಿಗ್ಗೆ ರಂಗೋಲಿ ಹಾಕೋಕೆ ಬಂದು ನೋಡ್ತೀನಿ, ಇಲ್ಲ. ಸದ್ದೂ ಇಲ್ಲ, ಗದ್ದಲವೂ ಇಲ್ಲ. ನಾಯಿ ಕೂಡ ಬೊಗಳಲಿಲ್ಲ."

ಮಹಾಬಲರು ಬಾವಿಕಟ್ಟೆಯ ಮೇಲೆ ಕುಸಿದು ಕೂತರು. ನಾನು ಬೀದಿ ಬಾಗಿಲು ಇದ್ದ ಕಡೆಯಿಂದಲೇ ಒಳಗೆ ಹೋದೆ. ಇಲ್ಲಿ ಜಗಲಿ, ಇಲ್ಲಿ ನಡುಮನೆ, ಇಲ್ಲಿ ಒಲೆ. ಅಮ್ಮನ ಫೋಟೋ ಇದ್ದ ಗೋಡೆಯ ಜಾಗಕ್ಕೆ ಬಂದು ನಿಂತೆ. ಮನೆ ಹೋದರೆ ಹೋಗಲಿ, ಹೆಂಚು ಮಣ್ಣು ಮತ್ತೆ ಸಿಗುತ್ತದೆ. ಅಮ್ಮನಿದ್ದ ಫೋಟೋ ಅದೊಂದೇ. ಅವಳು ಮೂವತ್ತೆಂಟು ಬೇಸಿಗೆ ಕಾಲು ಮಡಚಿ ಕೂತು ಕಾಯ್ದದ್ದನ್ನು ನಾನು ಒಂದು ಐಸ್‌ಕ್ರೀಮಿಗೆ ಕಳೆದುಕೊಂಡೆ. ಅವಳನ್ನೂ ಕಳೆದುಕೊಂಡೆ. ಮಣ್ಣಿನ ಮೇಲೆ ಕೂತು, ಬೀದಿಯವರೆಲ್ಲ ನೋಡುತ್ತಿದ್ದರೂ ಲೆಕ್ಕಿಸದೆ, ಗೊಳೋ ಎಂದು ಅತ್ತೆ.

ಎಷ್ಟೋ ಹೊತ್ತಿನ ಮೇಲೆ ಚಾರು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಸುತ್ತ ಒಮ್ಮೆ ನೋಡಿದಳು.

"ಅಮ್ಮ, ಈಗ ಹೇಳಬಹುದಾ? ಇಲ್ಲಿ ಗೋಡೆ ಇಲ್ಲ."

ನಾನು ಮೂಗು ಒರೆಸಿಕೊಂಡೆ. "ಹೇಳು."

"ನಾನು ಬರೀ ಹೋಗ್ತೀವಿ ಅಂತ ಹೇಳಲಿಲ್ಲ. ಬರ್ತೀವಿ ಅಂತಾನೂ ಹೇಳಿದೆ. ಶುಕ್ರವಾರ ಜಿರಾಫೆ, ಶನಿವಾರ ಕೆರೆ, ಭಾನುವಾರ ಡಬಲ್ ಡೆಕ್ಕರ್, ಎಲ್ಲಾ ಹೇಳಿದೆ. ನಿಂಗೂ ಬೇಜಾರಾದ್ರೆ ಹೋಗ್ಬಿಟ್ಟು ಬಾ, ಆದ್ರೆ ಭಾನುವಾರ ದೀಪ ಹಚ್ಚೋ ಹೊತ್ತಿಗೆ ಇಲ್ಲಿರ್ಬೇಕು, ನಾವೂ ಅಷ್ಟೊತ್ತಿಗೆ ಬರ್ತೀವಿ ಅಂದೆ."

"ಅದು ಏನಂತು?" ಎಂದು ಕೇಳಿದವರು ಮಹಾಬಲರು. ಯಾವಾಗ ಹತ್ತಿರ ಬಂದಿದ್ದರೋ.

"ಬಾಗಿಲು ತೆಗೀತು. ಮೂರು ಸಲ."

ಅವಳು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು, ನಾನು ಅವಳಿಗೆ ಬುದ್ಧಿ ಹೇಳುವಾಗ ಮಾಡುವ ಹಾಗೆ. "ಅದರದ್ದೇನೂ ತಪ್ಪಿಲ್ಲಮ್ಮ. ಅದಕ್ಕೆ ನಾಳೆ ಸಂಜೆವರೆಗೂ ರಜಾ ಇದೆ. ನಾವೇ ಬೇಗ ಬಂದ್ಬಿಟ್ವಿ."

ಕೆಂಚಮ್ಮತ್ತೆ ಲೊಚಗುಟ್ಟಿದಳು. "ಮಗು ಅದು, ಏನೋ ಹೇಳುತ್ತೆ. ಗುರುಶಾಂತಪ್ಪನೂ ಹೀಗೇ ನಾಳೆ ನಾಡಿದ್ದು ಅಂತ ಕಾದ. ಬನ್ನಿ, ನಮ್ಮ ಜಗಲೀಲಿ ಮಲಗಿ." ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಮಕ್ಕಳಿಗೆ ಮಜ್ಜಿಗೆ ಅನ್ನ ಕಲಸಿ ಕೊಟ್ಟಳು, ಚಾಪೆ ಹಾಸಿದಳು. ಎದುರಿಗೆ ಆ ಖಾಲಿ ಜಾಗ. ನಾಳೆ ಬೆಳಗಿನಿಂದ ಸಂಜೆಯ ತನಕ ಅದನ್ನೇ ನೋಡುತ್ತ ಕೂರಬೇಕು. ಯಾರಾದರೂ ಒಬ್ಬರು ಇರಬೇಕಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ.

ಹೇಳಿಕೊಂಡು ಬೆಚ್ಚಿದೆ. ಇರಬೇಕು, ಯಾತಕ್ಕೆ? ಕಾಯಲು ಅಲ್ಲಿ ಏನಿತ್ತು? ನೆಲವನ್ನು ಯಾರು ಕದಿಯುತ್ತಾರೆ? ಮನೆಯೇ ಹೋದಮೇಲೆ ಮನೆ ಕಾಯುವ ಕೆಲಸ ನನಗೆ ಯಾರು ಕೊಟ್ಟರು?

"ರೀ, ಬೆಳಿಗ್ಗೆ ಮೊದಲ ಬಸ್ಸು ಎಷ್ಟೊತ್ತಿಗೆ?" ಎಂದೆ.

"ಎಲ್ಲಿಗೆ?"

"ಪಟ್ಟಣಕ್ಕೆ. ಚಾರುಗೆ ಡಬಲ್ ಡೆಕ್ಕರ್ ಬಾಕಿ ಇದೆ."

ಅವರು ನನ್ನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ನಾನು ಮಗಳ ಮಾತನ್ನು ನಂಬಿದೆನೆಂದು ಹೇಳಿದರೆ ಸುಳ್ಳಾದೀತು. ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಗೊತ್ತಿತ್ತು, ಆ ತೋಳು ಹಿಡಿದು ಅಲ್ಲಾಡಿಸಿದ್ದು ಒಳಗೇ ಕೊರೆಯುತ್ತಿತ್ತು, ಅಷ್ಟೇ. ಮಹಾಬಲರು ಖಾಲಿ ಜಾಗವನ್ನು ನೋಡಿದರು, ಚಾಪೆಯ ಮೇಲೆ ಮುದುರಿ ಮಲಗಿದ್ದ ಚಾರುವನ್ನು ನೋಡಿದರು. "ಐದೂವರೆಗೆ ಇದೆ," ಎಂದರು. ಜಗಲಿಯ ಮೇಲೆ ಕೂತು, ಕೆಂಚಮ್ಮತ್ತೆಯ ಗೋಡೆಗೆ ಬೆನ್ನು ಕೊಟ್ಟು, ಗಟ್ಟಿಯಾಗಿಯೇ ಹೇಳಿದರು.

ಭಾನುವಾರ ಹತ್ತಕ್ಕೆ ನಾವು ಡಬಲ್ ಡೆಕ್ಕರ್ ಹತ್ತುವಾಗ ನೂಕುನುಗ್ಗಲು. ಚಾರು ಜನರ ಕಾಲುಗಳ ನಡುವೆ ನುಸುಳಿ ಮೆಟ್ಟಿಲು ಹತ್ತಿದಳು. ನಾವು ನಂದನನನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಮೇಲೆ ಬಂದಾಗ ಅವಳು ಮುಂದಿನ ಸೀಟಿನ ಮೇಲೆ ಅಡ್ಡಡ್ಡ ಮಲಗಿ, "ಇದು ನಮ್ಮದು, ನಾಲ್ಕು ಜನ ಇದೀವಿ," ಎಂದು ಎಲ್ಲರಿಗೂ ಸಾರುತ್ತಿದ್ದಳು. ಬಸ್ಸು ಹೊರಟಿತು. ಮರದ ಕೊಂಬೆಗಳು ಗಾಜಿಗೆ ಬಡಿದವು. ಅಂಗಡಿಗಳ ತಲೆ, ಜನರ ತಲೆ, ತಂತಿಯ ಮೇಲೆ ಕೂತ ಕಾಗೆ, ಎಲ್ಲವೂ ನಮಗಿಂತ ಕೆಳಗೆ. ಅಮ್ಮನಿಗೆ ನಾನು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು, ಆದರೆ ಎಷ್ಟು ಕಡಿಮೆ ಹೇಳಿದ್ದೆ ಎನ್ನಿಸಿತು.

ಬಸ್ಸು ಎಡಕ್ಕೆ ಹೊರಳಿತು. ಕೆರೆ ಕಂಡಿತು.

ಮೊದಲು ನೋಡಿದವನು ನಂದನ. "ನಮ್ಮನೆ," ಎಂದ, ಮೃಗಾಲಯದ ನಲ್ಲಿ ನೋಡಿದಷ್ಟೇ ಸಹಜವಾಗಿ.

ಕಬ್ಬಿನ ಹಾಲಿನ ಗಾಡಿಗೂ ಬಲೂನಿನವನಿಗೂ ನಡುವೆ, ದಂಡೆಯ ಹುಲ್ಲಿನ ಮೇಲೆ ಅದು ನಿಂತಿತ್ತು. ನಮ್ಮ ಹೆಂಚು, ನಮ್ಮ ನೀಲಿ ಬಾಗಿಲು, ಮಹಾಬಲರು ಎಣ್ಣೆ ಬಿಟ್ಟ ತಿರುಗಣಿ. ಯಾರೋ ಅದರ ಗೋಡೆಗೆ ಸೈಕಲ್ ಒರಗಿಸಿದ್ದರು. ಒಬ್ಬಾತ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಬೀದಿ ಕಿಟಕಿ ಎರಡೂ ರೆಕ್ಕೆ ತೆರೆದುಕೊಂಡು ನೀರಿನ ಕಡೆ ಮುಖ ಮಾಡಿತ್ತು. ಅದರ ಎದುರಿನ ಗೋಡೆಯ ಮೇಲೆ ಅಮ್ಮ. ಅಷ್ಟು ಎತ್ತರದಿಂದ ಮುಖ ಕಾಣುವುದಿಲ್ಲ, ಗಂಧದ ಹಾರದ ಅಂಚು ಮಾತ್ರ ಕಂಡಿತು. ಆದರೆ ಅವಳಿಗೆ ಎಲ್ಲವೂ ಕಾಣುತ್ತಿತ್ತು. ಕೆರೆ, ದೋಣಿ, ಕೆಂಪು ಬಸ್ಸು, ಬಸ್ಸಿನ ಮೇಲ್ಗಡೆ, ಮುಂದಿನ ಸೀಟು.

ಮಹಾಬಲರು ದಡಕ್ಕನೆ ಎದ್ದು ನಿಂತರು. "ಕಂಡಕ್ಟ್ರೇ! ನಿಲ್ಸಿ, ನಿಲ್ಸಿ! ನಮ್ಮನೆ—"

ನಾನು ಅವರ ಅಂಗಿ ಹಿಡಿದು ಎಳೆದು ಕೂರಿಸಿದೆ. ಅಷ್ಟು ವಾರಗಳಲ್ಲಿ ಮೊದಲ ಸಲ ನನ್ನ ಕಾಲು ನೆಲದ ಮೇಲೆ ಸುಮ್ಮನಿತ್ತು.

"ಕೂತ್ಕೊಳ್ರೀ," ಎಂದೆ. "ಸಂಜೆವರೆಗೂ ರಜಾ ಇದೆ."

ಚಾರು ಗಾಜಿಗೆ ಮೂಗು ಒತ್ತಿ ಕೈ ಬೀಸಿದಳು. ನಂದನ ಬೀಸಿದ. ನಾನೂ ಬೀಸಿದೆ. ಬಸ್ಸು ಕೆರೆಯನ್ನು ಸುತ್ತಿಕೊಂಡು ಹೊರಟಿತು. ಒಲೆಯ ಪಕ್ಕದ ಬಟ್ಟಲಿನಲ್ಲಿ ಹೆಸರುಕಾಳು ಇಷ್ಟು ಹೊತ್ತಿಗೆ ಮೊಳಕೆ ಒಡೆದಿರುತ್ತದೆ, ರಾತ್ರಿ ಸಾರು ಮಾಡಬೇಕು ಎಂದುಕೊಂಡೆ.